ಹೆಸರು ಆಮೇಲೆ ಹೇಳುವ ಆಟಗಾರ

೧೯೯೭ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು. ದಸರಾ ರಜೆ ಮುಗಿದ ಮೇಲೆ ಉಳಿದವರೆಲ್ಲ ಶಾಲೆಗೆ ಹೋದರು, ನಾನು ತುಮಕೂರು ರಸ್ತೆಯ ಒಂದು ಬಸ್ ಬಾಡಿ ಶೆಡ್ಡಿಗೆ ಹೋದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಂಗಪುರದಲ್ಲಿ ನಮ್ಮ ಕನ್ನಡದವರು ನಾಲ್ಕು ಜನ ಸೇರಿದ ಕಡೆ ಹೆಸರಿನ ನಂತರ ಕೇಳುವ ಪ್ರಶ್ನೆಯೇ ಯಾವ ಕಾಲೇಜು ಅನ್ನುವುದು. ನಾನು ಯಾವ ಕಾಲೇಜೂ ಅಲ್ಲ. ಅಲ್ಯೂಮಿನಿಯಂ ಹಾಳೆಗೆ ರಿವೆಟ್ ಹೊಡೆಯುವುದು ನನ್ನ ವಿದ್ಯೆ. ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ, ಅನುಮಾನವೂ ಇಲ್ಲ.

ಹೋದ ಭಾನುವಾರ ಚೋವಾ ಚು ಕಾಂಗ್‌ನ ನಮ್ಮ ಮನೆಯ ಸ್ಟೋರ್ ರೂಮಿನಲ್ಲಿ ಮಗಳ ಬ್ಯಾಡ್ಮಿಂಟನ್ ರಾಕೆಟ್ ಹುಡುಕುತ್ತಿದ್ದೆ. ಮೂಲೆಯಲ್ಲಿದ್ದ ಬಿಸ್ಕತ್ತಿನ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ತೆಗೆದ ಕೂಡಲೇ ವಾಸನೆ ಬಂತು. ಹಳೆಯ ಚರ್ಮದ ವಾಸನೆ, ಅದರ ಜೊತೆ ವಿಮಾನದ ಸಂದು ಮುಚ್ಚುವ ಸೀಲೆಂಟಿನ ಗಂಧಕದ ಘಾಟು. ಆ ಘಾಟು ಒಮ್ಮೆ ಹತ್ತಿದರೆ ಸೋಪಿಗೂ ಹೋಗುವುದಿಲ್ಲ, ವರ್ಷಗಳಿಗೂ ಹೋಗುವುದಿಲ್ಲ. ಡಬ್ಬಿಯೊಳಗೆ ಇದ್ದದ್ದು ಒಂದು ಬೇಸ್‌ಬಾಲ್ ಚೆಂಡು. ಬಿಳಿ ಚರ್ಮ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಕೆಂಪು ಹೊಲಿಗೆ ಮಾತ್ರ ಹಾಗೇ ಇತ್ತು.

ಮಗಳು ಹಿಂದೆ ಬಂದು ನಿಂತಳು. ಅವಳ ಕನ್ನಡಕ್ಕೂ ಸಿಂಗಪುರದ 'ಲಾ' ಅಂಟಿದೆ. "ಇದು ರಾಕೆಟ್ ಅಲ್ಲ ಲಾ ಅಪ್ಪ. ಯಾರದಿದು?"

ಯಾರದು ಎಂದು ಒಂದು ಮಾತಿನಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಚೆಂಡಿನ ಒಡೆಯರನ್ನು ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಎಲ್ಲರೂ ಇನ್‌ಸ್ಪೆಕ್ಟರ್ ಎನ್ನುತ್ತಿದ್ದರು. ನಾನು ಇನ್‌ಸ್ಪೆಕ್ಟರ್ ಅಂಕಲ್ ಎನ್ನುತ್ತಿದ್ದೆ. ಪೊಲೀಸಿನವರಲ್ಲ. ಸಿಂಗಪುರದ ಸೆಲೆಟಾರಿನಲ್ಲಿ ವಿಮಾನ ರಿಪೇರಿ ಮಾಡುವ ಒಂದು ದೊಡ್ಡ ಕಂಪನಿಯಲ್ಲಿ, ನಮ್ಮಂಥವರು ಮಾಡಿದ ಕೆಲಸವನ್ನು ಟಾರ್ಚು ಬಿಟ್ಟು ನೋಡಿ, ಸರಿಯಿದ್ದರೆ ಕಾಗದದ ಮೇಲೆ ತಮ್ಮ ನಂಬರಿನ ಮುದ್ರೆ ಒತ್ತುವವರು. ಆ ಮುದ್ರೆ ಬೀಳದೆ ವಿಮಾನ ಹೊರಗೆ ಹೋಗುವಂತಿಲ್ಲ. ಮೈಸೂರಿನವರು, ಒಂಟಿಕೊಪ್ಪಲಿನ ಕಡೆಯವರು. ಹಸಿರು ಮಾಸಿ ಬೂದಿಯಾಗಿದ್ದ ಒಂದು ಟೋಪಿ ಸದಾ ತಲೆಯ ಮೇಲೆ ಇರುತ್ತಿತ್ತು.

ಬಸ್ ಶೆಡ್ಡು ಬಿಟ್ಟು ಸಿಂಗಪುರಕ್ಕೆ ಬಂದು ನಾನು ಸೇರಿದ ಮೊದಲ ವಾರ ನನ್ನ ರಿವೆಟ್ ಸಾಲಿನ ಮೇಲೆ ಹೆಬ್ಬೆರಳು ಎಳೆದು ಕೇಳಿದರು. "ಎಲ್ಲಿ ಕಲ್ತೆ?"

"ಬಸ್ ಬಾಡಿ ಶೆಡ್ಡಲ್ಲಿ ಸರ್."

"ಕಾಣ್ಸುತ್ತೆ. ಸಾಲು ನೀಟಾಗಿದೆ. ಸಿಟ್ಟು ಜಾಸ್ತಿ. ಇದು ಹಾರೋ ಬಸ್ಸು ಕಣಯ್ಯ, ಸ್ವಲ್ಪ ಮೆತ್ತಗೆ ಹೊಡಿ. ಸರ್ ಬೇಡ, ಅಂಕಲ್ ಅನ್ನು."

ಅವತ್ತಿನಿಂದ ನನ್ನ ಹೆಸರು ಬಸ್ ಬಾಡಿ ಎಂದೇ ಆಯಿತು. ಬೇರೆ ಯಾರಾದರೂ ಕರೆದಿದ್ದರೆ ಜಗಳವಾಡುತ್ತಿದ್ದೆ.

ಬೆಳಿಗ್ಗೆ ಹತ್ತಕ್ಕೆ ಟೀ ಬ್ರೇಕು. ಹ್ಯಾಂಗರಿನ ಹಿಂದೆ ಮಳೆಮರದ ಕೆಳಗೆ ಒಂದು ಬೆಂಚು. ಅಂಕಲ್ ಪ್ಲಾಸ್ಟಿಕ್ ಚೀಲದಲ್ಲಿ ಕೋಪಿ, ಅಂದರೆ ಇಲ್ಲಿಯ ಕಾಫಿ, ತಂದು ಅಲ್ಲಿ ಕೂರುತ್ತಿದ್ದರು, ಎಡಗಿವಿಯಲ್ಲಿ ಇಯರ್‌ಫೋನು. ಅಮೆರಿಕದಲ್ಲಿ ರಾತ್ರಿ ಆಡುವ ಪಂದ್ಯ ನಮಗೆ ಬೆಳಿಗ್ಗೆ ಏಳಕ್ಕೆ ಶುರುವಾಗಿ ಸರಿಯಾಗಿ ಹತ್ತರ ಹೊತ್ತಿಗೆ ಕೊನೆಯ ಇನ್ನಿಂಗ್ಸಿಗೆ ಬರುತ್ತದೆ. ಆ ದೇವರು ಟೀ ಬ್ರೇಕು ಇಟ್ಟದ್ದೇ ಇದಕ್ಕೆ ಎನ್ನುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ಕಂಪನಿ ಅವರನ್ನು ಅಮೆರಿಕದ ಒಂದು ಸಣ್ಣ ಊರಿನ ಕಾರ್ಖಾನೆಗೆ ನಾಲ್ಕು ವರ್ಷ ಕಳಿಸಿತ್ತಂತೆ. ಬಾಡಿಗೆ ರೂಮಿನ ಎದುರಿಗೇ ಸ್ಟೇಡಿಯಂ. ಮಾತಾಡಲು ಜನ ಇಲ್ಲ, ಊಟ ಸೇರುತ್ತಿರಲಿಲ್ಲ. ಒಂದು ದಿನ ಹೋಗಿ ಕೂತರು. ಆ ಊರಿನ ಟೀಮು ಅವತ್ತು ಸೋತಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಎದ್ದು ಹೋಗುವಾಗ ಇವರ ಹೆಗಲು ತಟ್ಟಿ, ನಾಳೆಯೂ ಆಟ ಇದೆ ಅಂದಳಂತೆ. ಅಷ್ಟೇ. ನಲವತ್ತು ವರ್ಷ ಆ ಟೀಮನ್ನು ಬಿಡಲಿಲ್ಲ. ಟೀಮಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಆಗಿರುವ ಅವಮಾನವೇ ಸಾಕಷ್ಟಿದೆ.

"ಕ್ರಿಕೆಟ್ ಗೊತ್ತಿದ್ರೆ ಅರ್ಧ ಬಂತು. ಇನ್ನರ್ಧಕ್ಕೆ ಕ್ರಿಕೆಟ್ ಮರೀಬೇಕು," ಎಂದು ನನಗೆ ಕಲಿಸಿದರು. ಬೆಂಚಿನ ಮೇಲೆ ನಾಲ್ಕು ನಟ್ಟು ಇಟ್ಟು ಚೌಕ ಮಾಡಿ, ಮೂಲೆಗಳೇ ಬೇಸು, ಬೌಲರೇ ಪಿಚರ್, ಕೀಪರೇ ಕ್ಯಾಚರ್ ಎಂದು ತೋರಿಸಿದರು. ಒಂದು ತಿಂಗಳಲ್ಲಿ ನನಗೂ ಹುಚ್ಚು ಹಿಡಿಯಿತು.

ಆದರೆ ಅವರ ನಿಜವಾದ ಸೀಸನ್ನು ಆಟ ನಿಂತ ಮೇಲೆ ಶುರುವಾಗುತ್ತಿತ್ತು. ಅಕ್ಟೋಬರ್ ಮುಗಿದರೆ ಕಿವಿಯಿಂದ ಇಯರ್‌ಫೋನು ಇಳಿಯುತ್ತಿತ್ತು, ಬಾಯಿ ತೆರೆಯುತ್ತಿತ್ತು. ಚಳಿಗಾಲವೆಲ್ಲ ಟ್ರೇಡಿನ ಮಾತು. ನಮ್ಮ ಕ್ರಿಕೆಟ್ಟಿನಲ್ಲಿ ಹರಾಜು ಇದೆ. ಎಲ್ಲರ ಎದುರಿಗೆ ಕೂಗುತ್ತಾರೆ, ಸುತ್ತಿಗೆ ಬೀಳುತ್ತದೆ. ಅಲ್ಲಿ ಹಾಗಲ್ಲ. ಇಬ್ಬರು ಮ್ಯಾನೇಜರುಗಳು ಫೋನಿನಲ್ಲಿ ಮಾತಾಡಿ ಮನುಷ್ಯರನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಆಟಗಾರ ಮಗುವಿಗೆ ಊಟ ಮಾಡಿಸುತ್ತಾ ಟಿವಿಯಲ್ಲಿ ತಾನು ಬೇರೆ ಊರಿನವನಾದ ಸುದ್ದಿ ನೋಡುತ್ತಾನೆ.

ಮಾಲೀಕರಲ್ಲಿ ಮೂರು ಜಾತಿ ಎನ್ನುತ್ತಿದ್ದರು ಅವರು. ಗೆಲ್ಲೋಕೆ ಟೀಮು ತಗೊಂಡವನು, ತೋರಿಸೋಕೆ ತಗೊಂಡವನು, ಮಾರೋಕೆ ತಗೊಂಡವನು. ಅವರ ಟೀಮಿನ ಮಾಲೀಕ ಮೂರನೆಯವನು. ಬೆಳೆದು ನಿಂತ ಆಟಗಾರನನ್ನು ಪ್ರತಿ ಡಿಸೆಂಬರಿನಲ್ಲಿ ದೊಡ್ಡ ಊರಿನ ಟೀಮಿಗೆ ಕೊಡುವುದು, ಬದಲಿಗೆ ಮೂವರು ಪ್ರಾಸ್ಪೆಕ್ಟುಗಳನ್ನು ತರುವುದು. ಪ್ರಾಸ್ಪೆಕ್ಟ್ ಅಂದರೆ ಇನ್ನೂ ಕೆಳಗಿನ ಲೀಗುಗಳಲ್ಲಿ ಬಸ್ಸಿನಲ್ಲಿ ಊರೂರು ತಿರುಗುತ್ತಾ ಆಡುವ ಹುಡುಗರು. ಮುಂದೆ ಆಗಬಹುದಾದವರು. ಅವರು ಬೆಳೆದ ಮೇಲೆ ಅವರನ್ನೂ ಕೊಡುವುದು. "ಒಗ್ಗರಣೆ ವಾಸನೆ ಬರೋ ಹೊತ್ತಿಗೆ ಪಾತ್ರೆ ಎತ್ತಿ ಪಕ್ಕದ ಮನೆಗೆ ಕೊಡ್ತಾನೆ," ಎಂದು ಬೈಯುತ್ತಿದ್ದರು.

ನಾನು ಒಪ್ಪುತ್ತಿರಲಿಲ್ಲ. ಮಾಲೀಕನನ್ನು ಬೈಯುವುದು ಸುಲಭ. ನಾನು ನೋಡಿದ ಹಾಗೆ ತಪ್ಪು ಮಾರಿದ್ದರಲ್ಲಿ ಇರಲಿಲ್ಲ, ಆರಿಸಿದ್ದರಲ್ಲಿತ್ತು. ವೇಗವಾಗಿ ಓಡುವವರನ್ನು, ಎತ್ತರದವರನ್ನು ಆರಿಸಿದರು. ಸೋತ ಮಾರನೆಯ ದಿನ ಹೇಗೆ ಮೈದಾನಕ್ಕೆ ಬರುತ್ತಾನೆ ಎಂದು ಯಾರೂ ನೋಡಲಿಲ್ಲ. ಇದನ್ನು ಹೇಳಿದಾಗ ಅವರು ಟೋಪಿ ಸರಿಸಿ ನನ್ನನ್ನೇ ನೋಡಿದರು. "ಒಂಬತ್ತನೇ ಕ್ಲಾಸಿಗೆ ಬಿಟ್ಟೋನು ನನ್ ಟೀಮಿನ ಮ್ಯಾನೇಜರ್‌ಗಿಂತ ವಾಸಿ," ಅಂದರು. ಹೊಗಳಿದರೋ ಮ್ಯಾನೇಜರನನ್ನು ಬೈದರೋ ಗೊತ್ತಾಗಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡೆ.

ಒಂದು ವಿಷಯಕ್ಕೆ ಮಾತ್ರ ನನಗೆ ನಗು ತಡೆಯಲಾಗಲಿಲ್ಲ. ಕೆಲವು ಟ್ರೇಡುಗಳಲ್ಲಿ 'ಹೆಸರು ಆಮೇಲೆ ಹೇಳುವ ಆಟಗಾರ' ಎಂದು ಒಬ್ಬ ಇರುತ್ತಾನೆ. ಇವತ್ತು ನೀನು ನಿನ್ನವನನ್ನು ಕಳಿಸು, ಬದಲಿಗೆ ನಾನು ಕೊಡುವವನು ಯಾರು ಎಂದು ಆಮೇಲೆ ಹೇಳುತ್ತೇನೆ ಎಂಬ ಒಪ್ಪಂದ.

"ಯಾರು ಅಂತ ಗೊತ್ತಿಲ್ದೆ ವ್ಯಾಪಾರನಾ ಅಂಕಲ್? ನಮ್ ಕಡೆ ದನದ ಸಂತೇಲೂ ಬಾಯಿ ಬಿಡ್ಸಿ ಹಲ್ಲು ನೋಡ್ತಾರೆ."

"ಮಾತಿನ ಮೇಲೆ ನಡೆಯುತ್ತೆ ಕಣಯ್ಯ. ಆರು ತಿಂಗಳೊಳಗೆ ಕೊಡ್ಬೇಕು. ಬಹಳ ಸಲ ಯಾರೋ ಲೆಕ್ಕಕ್ಕಿಲ್ದೋನು ಬರ್ತಾನೆ."

ಈಗ ನನ್ನ ತಪ್ಪಿಗೆ ಬರುತ್ತೇನೆ.

ವಿಮಾನದ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಟೂಲ್ ಕೌಂಟು. ಗೋಡೆಯ ಮೇಲೆ ಒಂದು ಬೋರ್ಡು. ಪ್ರತಿಯೊಂದು ಸಾಮಾನಿನ ಆಕಾರವನ್ನು ಅದರ ಮೇಲೆ ಕಪ್ಪು ಬಣ್ಣದಲ್ಲಿ ಬಳಿದಿರುತ್ತಾರೆ, ನೆರಳಿನ ಹಾಗೆ. ಸಾಮಾನು ತೆಗೆದುಕೊಂಡರೆ ನಿನ್ನ ನಂಬರಿನ ಹಿತ್ತಾಳೆ ಟೋಕನ್ನು ಆ ಜಾಗದಲ್ಲಿ ನೇತು ಹಾಕಬೇಕು. ಕೆಲಸ ಮುಗಿದಾಗ ಸಾಮಾನು ಜಾಗಕ್ಕೆ, ಟೋಕನ್ನು ಜೇಬಿಗೆ. ಒಂದು ಟೋಕನ್ನು ಬೋರ್ಡಿನ ಮೇಲೆ ಉಳಿದರೂ ಯಾರೂ ಮನೆಗೆ ಹೋಗುವಂತಿಲ್ಲ. ಒಂದು ಸ್ಕ್ರೂಡ್ರೈವರ್ ರೆಕ್ಕೆಯೊಳಗೆ ಉಳಿದು ಹಾರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಸ್ವಂತ ಸಾಮಾನು ತರುವುದು ಪೂರ್ತಿ ನಿಷೇಧ.

ನಾನು ತರುತ್ತಿದ್ದೆ.

ರಿವೆಟ್ ಹೊಡೆಯುವಾಗ ಹಾಳೆಯ ಹಿಂದೆ ಒತ್ತಿ ಹಿಡಿಯುವ ಉಕ್ಕಿನ ಗಟ್ಟಿ ಇರುತ್ತದೆ. ನಾವು ಡಾಲಿ ಎನ್ನುತ್ತೇವೆ. ಮುಂದೆ ಒಬ್ಬ ಹೊಡೆಯುತ್ತಾನೆ, ಹಿಂದೆ ಕಣ್ಣಿಗೆ ಕಾಣದ ಜಾಗದಲ್ಲಿ ಡಾಲಿ ಏಟು ತಿನ್ನುತ್ತದೆ, ರಿವೆಟಿನ ಬಾಲ ಚಪ್ಪಟೆಯಾಗಿ ಕೂರುತ್ತದೆ. ಬಸ್ ಬಾಡಿ ಕೆಲಸದವನಿಗೆ ಅವನ ಡಾಲಿ ಅವನದೇ. ಯಾರಿಗೂ ಕೊಡುವುದಿಲ್ಲ, ಯಾರದನ್ನೂ ಮುಟ್ಟುವುದಿಲ್ಲ. ನನ್ನದನ್ನು ನಮ್ಮ ಮೇಸ್ತ್ರಿ ಹಳೆಯ ರೈಲು ಕಂಬಿಯ ತುಂಡಿನಿಂದ ಮಾಡಿ ಕೊಟ್ಟಿದ್ದ. ಹದಿಮೂರು ವರ್ಷ ನನ್ನ ಅಂಗೈಯಲ್ಲಿ ಸವೆದು ನನ್ನ ಅಂಗೈಯ ಆಕಾರಕ್ಕೇ ಬಂದಿತ್ತು. ಕಂಪನಿ ಕೊಡುವುದು ನನ್ನ ಕೈಗೆ ಕೂರುತ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದೆ. ಟೋಕನ್ನು ಹಾಕಿ ಕಂಪನಿಯ ಡಾಲಿ ತೆಗೆದುಕೊಳ್ಳುವುದು, ಅದನ್ನು ಬೆಂಚಿನ ಮೇಲೆ ಇಟ್ಟು ಜೇಬಿನಿಂದ ನನ್ನದನ್ನು ತೆಗೆದು ಕೆಲಸ ಮಾಡುವುದು, ಕೊನೆಗೆ ಅವರದನ್ನು ಬೋರ್ಡಿಗೆ ಹಾಕುವುದು. ಒಂದೂವರೆ ವರ್ಷ ಕೌಂಟು ಒಮ್ಮೆಯೂ ತಪ್ಪಲಿಲ್ಲ.

ಆ ದಿನ ಎರಡು ಎಂಜಿನ್ನಿನ ಒಂದು ಸಣ್ಣ ವಿಮಾನದ ಬಾಲದ ಕೆಲಸ. ಕೊನೆಯ ಎಂಟು ರಿವೆಟ್ ಹೊಡೆದೆ. ಅಂಕಲ್ ಟಾರ್ಚು ಬಿಟ್ಟು ನೋಡಿದರು, ಬೆರಳು ಹಾಕಿ ಸವರಿದರು, ಮುದ್ರೆ ಒತ್ತಿದರು. ಪ್ಯಾನೆಲ್ ಮುಚ್ಚಿದೆ. ಬೋರ್ಡಿನಲ್ಲಿ ಕೌಂಟು ಸರಿಯಾಯಿತು. ಹತ್ತರ ಬೆಲ್ಲು ಹೊಡೆಯಿತು. ಕೋಪಿ ಹಿಡಿದುಕೊಂಡು ಕೂತಾಗ ಕೈ ಜೇಬಿಗೆ ಹೋಯಿತು. ಜೇಬು ಹಗುರವಾಗಿತ್ತು.

ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬೋರ್ಡಿನ ಪ್ರಕಾರ ಏನೂ ಕಳೆದಿಲ್ಲ. ಆ ಡಾಲಿ ಇದೆ ಎಂದು ಭೂಮಿಯ ಮೇಲೆ ನನ್ನೊಬ್ಬನಿಗೆ ಗೊತ್ತು. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಪಾಸು ಹೋಗುತ್ತದೆ, ಪಾಸು ಹೋದರೆ ಈ ದೇಶ ಹೋಗುತ್ತದೆ. ಮದುವೆಯಾಗಿ ಎಂಟು ತಿಂಗಳು. ಹೆಂಡತಿಯನ್ನು ಕರೆಸಿಕೊಳ್ಳಲು ರೂಮು ನೋಡುತ್ತಿದ್ದೆ. ಆ ಬಾಲದೊಳಗೆ ಕಂಟ್ರೋಲಿನ ಕೇಬಲ್ ಓಡುತ್ತದೆ. ಡಾಲಿ ಜಾರಿ ಅಲ್ಲಿ ಸಿಕ್ಕಿಕೊಂಡರೆ... ಸಿಕ್ಕಿಕೊಳ್ಳದೆಯೂ ಇರಬಹುದು.

ಒಂದು ಕೋಪಿ ತಣ್ಣಗಾಗುವಷ್ಟು ಹೊತ್ತು ಕೂತಿದ್ದೆ. ಆಮೇಲೆ ಎದ್ದು ಅಂಕಲ್ ಇದ್ದ ಬೆಂಚಿಗೆ ಹೋದೆ.

ಕೊನೆಯ ಇನ್ನಿಂಗ್ಸು. ಎರಡೂ ಕಡೆ ಸಮ. ಅವರ ಟೀಮಿನವನೊಬ್ಬ ಮೂರನೇ ಬೇಸಿನಲ್ಲಿ ನಿಂತಿದ್ದ, ಇನ್ನೊಂದು ಮೂಲೆ ಮುಟ್ಟಿದರೆ ಗೆಲುವು. ನನ್ನನ್ನು ನೋಡಿ ಬೆರಳೆತ್ತಿದರು, ತಾಳು ಎಂಬಂತೆ.

"ಅಂಕಲ್, ಬಾಲದೊಳಗೆ ನನ್ ಡಾಲಿ ಉಳಿದಿದೆ."

ಇಯರ್‌ಫೋನು ತೆಗೆದರು. ವೈರನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡರು. "ಪ್ಯಾನೆಲ್ ಮುಚ್ಚಿದ್ ಮೇಲೆ ಯಾರಾದ್ರೂ ಕಂಟ್ರೋಲ್ ಆಡ್ಸಿದಾರಾ?"

"ಇಲ್ಲ ಅಂಕಲ್."

ಓಡಲಿಲ್ಲ, ನಡೆದೇ ಹೋದರು. ವಿಮಾನಕ್ಕೆ ಕೆಂಪು ಚೀಟಿ ಕಟ್ಟಿದರು. ನಾನು ಪ್ಯಾನೆಲ್ ಬಿಚ್ಚಿದೆ. ಪಕ್ಕೆಲುಬಿನಂಥ ಒಂದು ಅಡ್ಡಪಟ್ಟಿಯ ಆಚೆ, ಟಾರ್ಚಿಗೆ ಕಾಣದ ಕಡೆ ಬಿದ್ದಿತ್ತು. ಉದ್ದದ ಆಯಸ್ಕಾಂತದ ಕಡ್ಡಿ ಹಾಕಿ ಎಳೆದೆ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿದರು.

"ಚೆನ್ನಾಗಿದೆ. ರೈಲ್ ಕಂಬಿನಾ?" ಅಂದರು. ಅದನ್ನು ತಮ್ಮ ಜೇಬಿಗೆ ಹಾಕಿಕೊಂಡು, "ಬರೀಲೇಬೇಕು ಕಣಯ್ಯ. ನನ್ ಮುದ್ರೇನೂ ಬಿದ್ದಿದೆ ಇದರ ಮೇಲೆ," ಅಂದರು.

ಬರೆದರು. ನನ್ನ ತಪ್ಪು, ಅವರ ಕಣ್ಣಿಗೆ ಬೀಳದ್ದು, ಎರಡನ್ನೂ. ನಾನೇ ಬಂದು ಹೇಳಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದರು. ಆ ಪಂದ್ಯ ಏನಾಯಿತು ಎಂದು ಅವತ್ತು ಅವರು ನೋಡಲೇ ಇಲ್ಲ.

ಕಂಪನಿಯ ಮಾಲೀಕರು ನನ್ನ ಪಾಸು ರದ್ದು ಮಾಡಿ ವಾಪಸ್ ಕಳಿಸಿ ಅಂದರು. ಅದರಲ್ಲಿ ಅನ್ಯಾಯವೇನೂ ಇಲ್ಲ, ನಿಯಮ ಹಾಗೇ ಇತ್ತು. ಅಂಕಲ್ ಆ ಮಾಲೀಕರ ಗಾಜಿನ ಕ್ಯಾಬಿನ್ನಿಗೆ ಹೋದರು. ಹೊರಗಿನಿಂದ ಕೈಗಳು ಮಾತ್ರ ಕಾಣುತ್ತಿದ್ದವು. ಮಧ್ಯೆ ಎರಡು ಸಲ ಫೋನು ಹಚ್ಚಿದರು. ಹೊರಗೆ ಬಂದವರು ನೇರ ನನ್ನ ಹತ್ತಿರ ಬಂದರು.

"ನಿನ್ನನ್ನ ಟ್ರೇಡ್ ಮಾಡಿದೀನಿ."

ನಾಲ್ಕು ರಸ್ತೆ ಆಚೆ ಒಂದು ಸಣ್ಣ ವರ್ಕ್‌ಶಾಪು. ಇಡೀ ವಿಮಾನ ಅಲ್ಲಿಗೆ ಬರುವುದಿಲ್ಲ. ಕಳಚಿದ ನೆಲದ ಹಲಗೆ, ಅಡುಗೆ ಕಪಾಟಿನ ಬಾಗಿಲು, ಇಂಥ ಬಿಡಿಭಾಗ ರಿಪೇರಿ ಮಾಡುವ ಜಾಗ. ಅವರು ನನ್ನನ್ನು ತೆಗೆದುಕೊಳ್ಳುತ್ತಾರೆ, ಹೊಸ ಪಾಸಿಗೆ ಅರ್ಜಿ ಹಾಕುತ್ತಾರೆ, ಅಲ್ಲಿಯವರೆಗೆ ಇವರು ರದ್ದು ಮಾಡುವುದಿಲ್ಲ.

ನಾನು ಕೃತಜ್ಞನಾಗಬೇಕಿತ್ತು. ಆಗಲಿಲ್ಲ. ಹ್ಯಾಂಗರಿನಿಂದ ಕಪಾಟಿನ ಬಾಗಿಲಿಗೆ ಇಳಿದೆನಲ್ಲ ಎಂಬ ಉರಿ. "ನಿಜ ಹೇಳಿದ್ದಕ್ಕೆ ಇದಾ ಅಂಕಲ್? ನಿಮ್ ಟೀಮಿನ ಮಾಲೀಕನಿಗೂ ನಿಮಗೂ ಏನ್ ವ್ಯತ್ಯಾಸ?" ಅಂದೆ. "ನನ್ ಬದಲಿಗೆ ಅಲ್ಲಿಂದ ಇಲ್ಲಿಗೆ ಯಾರು ಬರ್ತಾರೆ?"

"ಇಲ್ಲಿಗೆ ಯಾರೂ ಬರಲ್ಲ."

ಅಂದರೆ ನನಗೆ ಅಷ್ಟೂ ಬೆಲೆಯಿಲ್ಲ ಎಂದುಕೊಂಡೆ.

"ಟ್ರೇಡನ್ನ ಅವತ್ತೇ ಅಳೀಬಾರ್ದು ಕಣೋ," ಎಂದರು. "ಐದು ವರ್ಷ ಬಿಟ್ಟು ನೋಡ್ಬೇಕು, ಯಾರ ಹತ್ರ ಏನಿದೆ ಅಂತ."

ನಾನು ಹೇಳದೆ ಕೇಳದೆ ಹೊರಟುಬಿಟ್ಟೆ.

ಆ ವರ್ಕ್‌ಶಾಪಿನಲ್ಲಿ ಸಿಟ್ಟಿನಲ್ಲೇ ದುಡಿದೆ. ಸಿಟ್ಟಿನಲ್ಲೂ ನನ್ನ ಸಾಲು ನೀಟಾಗಿಯೇ ಇತ್ತು, ಅದನ್ನು ಹೇಳಲೇಬೇಕು. ಪಾಸು ಬಂತು. ಹೆಂಡತಿ ಬಂದಳು. ಮಳೆಮರದ ಬೆಂಚಿನ ಕಡೆ ನಾನು ಒಂದು ದಿನವೂ ಹೋಗಲಿಲ್ಲ. ಫೋನಿನಲ್ಲಿ ಆ ಟೀಮಿನ ಸ್ಕೋರು ಮಾತ್ರ ನೋಡುತ್ತಿದ್ದೆ, ಸೋಲಲಿ ಎಂದು. ಸೋಲುತ್ತಿದ್ದರು. ಅದರಿಂದಲೂ ನನಗೆ ಸಮಾಧಾನ ಆಗುತ್ತಿರಲಿಲ್ಲ.

ಆರು ತಿಂಗಳಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ಶಟರ್ ಎತ್ತಿದಾಗ ಅಂಕಲ್ ಹೊರಗೆ ನಿಂತಿದ್ದರು. ಬೂದಿ ಟೋಪಿ, ಕೈಯಲ್ಲಿ ಊಟದ ಡಬ್ಬಿ. ಇವತ್ತಿನಿಂದ ಇಲ್ಲಿಯ ಇನ್‌ಸ್ಪೆಕ್ಟರ್ ಅವರೇ ಎಂದು ಮಾಲೀಕ ಪರಿಚಯ ಮಾಡಿಸಿದ.

ನಾನು ಎಲ್ಲರಿಗೂ ಕೇಳುವ ಹಾಗೆ ಕೇಳಿದೆ. "ಏನ್ ಅಂಕಲ್, ಕೊನೆಗೆ ನಿಮ್ಮನ್ನೂ ಮಾರಿದ್ರಾ?"

ಅವರು ಟೋಪಿ ತೆಗೆದು ಮೊಳೆಗೆ ಹಾಕಿದರು. "ಹ್ಞೂ ಕಣಯ್ಯ ಬಸ್ ಬಾಡಿ. ವಯಸ್ಸಾದೋನು ನೋಡು, ಬದಲಿಗೆ ಏನೂ ಸಿಗ್ಲಿಲ್ವಂತೆ," ಎಂದು ನಕ್ಕು ಕೆಲಸಕ್ಕೆ ಕೂತರು.

ಅವತ್ತು ನನಗೆ ಖುಷಿಯಾಯಿತು. ಅದನ್ನೂ ಬರೆಯಬೇಕು, ನಿಜವಾದ್ದರಿಂದ.

ಸಿಟ್ಟು ಎಷ್ಟು ದಿನ ಇರುತ್ತದೆ. ಪಕ್ಕದ ಬೆಂಚಿನಲ್ಲಿ ಕೂತವನ ಕಿವಿಯಲ್ಲಿ ಪಂದ್ಯ ಓಡುತ್ತಿದ್ದರೆ ಸ್ಕೋರು ಕೇಳದೆ ಇರಲು ಆಗುವುದಿಲ್ಲ. ಮೊದಲು ಸ್ಕೋರು, ಆಮೇಲೆ ಮಾಲೀಕನನ್ನು ಬೈಯುವುದು, ಆಮೇಲೆ ಎಲ್ಲ. ಒಂದು ದಿನ ಒಂದು ಕಾಗದದ ಪೊಟ್ಟಣ ನನ್ನ ಮುಂದೆ ಇಟ್ಟರು. ನನ್ನ ಡಾಲಿ. ಅದರ ಮೇಲೆ ನಂಬರು ಕೆತ್ತಿಸಿದ್ದರು. ನಮ್ಮ ಬೋರ್ಡಿನಲ್ಲಿ ಅದರ ಆಕಾರಕ್ಕೆ ಸರಿಯಾಗಿ ಕಪ್ಪು ನೆರಳನ್ನೂ ಅವರೇ ಬಳಿದರು. "ಈಗ ಇದಕ್ಕೊಂದು ಮನೆ ಆಯ್ತು," ಅಂದರು.

ಆ ಚೆಂಡನ್ನು ನಾನು ಮೊದಲು ಕೈಗೆ ತೆಗೆದುಕೊಂಡದ್ದೂ ಆಗಲೇ. ಅಮೆರಿಕದಿಂದ ತಂದದ್ದು, ಅವರ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿರುತ್ತಿದ್ದರು. ಬೇಸ್‌ಬಾಲಿನ ಚೆಂಡಿಗೆ ನೂರೆಂಟು ಹೊಲಿಗೆ. "ಜಪಮಾಲೆಗೂ ನೂರೆಂಟು, ಇದಕ್ಕೂ ನೂರೆಂಟು. ನಮ್ಮಪ್ಪ ಅದನ್ನ ಎಣಿಸ್ತಿದ್ರು, ನಾನು ಇದನ್ನ," ಎನ್ನುತ್ತಿದ್ದರು. ಡಾಲಿ ಹಿಡಿಯುವ ಕೈ ಕಣ್ಣಿಗೆ ಕಾಣದ ಕಡೆ ಕೆಲಸ ಮಾಡಬೇಕಲ್ಲ, ಅದಕ್ಕೆ ಅಭ್ಯಾಸ ಮಾಡಿಸಿದರು. ಕಣ್ಣು ಮುಚ್ಚಿ ಹೊಲಿಗೆ ಎಣಿಸು. ತಪ್ಪಿದರೆ ಮೊದಲಿನಿಂದ. ನನಗೆ ನೂರೆಂಟು ಸರಿಯಾಗಿ ಬರಲು ಹನ್ನೊಂದು ದಿನ ಹಿಡಿಯಿತು. ಆಮೇಲೆ ಇನ್‌ಸ್ಪೆಕ್ಟರ್ ಆಗಲು ಬೇಕಾದ ಸಂಜೆಯ ಕೋರ್ಸಿಗೆ ಸೇರಿಸಿದರು. ಇಂಗ್ಲಿಷಿನ ಪುಸ್ತಕ ನನಗೆ ಓದಲು ಕಷ್ಟ. ಟೀ ಬ್ರೇಕಿನಲ್ಲಿ ಒಂದೊಂದು ಪುಟ ಕನ್ನಡದಲ್ಲಿ ಹೇಳಿಕೊಟ್ಟರು, ಒಂದು ಕಿವಿ ಪಂದ್ಯಕ್ಕೆ ಕೊಟ್ಟುಕೊಂಡೇ. ಎರಡು ಸಲ ಫೇಲಾದೆ. ಮೂರನೇ ಸಲ ಪಾಸಾದೆ. "ಪ್ರಾಸ್ಪೆಕ್ಟ್ ಅಂದ್ರೆ ಇಪ್ಪತ್ತು ವರ್ಷದ ಹುಡುಗ ಇರ್ತಾನೆ. ನನಗೆ ಸಿಕ್ಕಿರೋದು ಮೂವತ್ತೆರಡರದು," ಎಂದು ಆಡಿಕೊಳ್ಳುತ್ತಿದ್ದರು.

ನಾಲ್ಕು ವರ್ಷ ಹೀಗೆ. ಆಮೇಲೆ ಅವರು ನಿವೃತ್ತರಾದರು. ಆಮೇಲೆ ಕಿಡ್ನಿ ಕೈಕೊಟ್ಟಿತು.

ನನಗೆ ಇನ್‌ಸ್ಪೆಕ್ಟರ್ ಮುದ್ರೆ ಸಿಕ್ಕ ದಿನ ವರ್ಕ್‌ಶಾಪಿನ ಮಾಲೀಕ ನಮ್ಮನ್ನೆಲ್ಲ ಊಟಕ್ಕೆ ಕರೆದುಕೊಂಡು ಹೋದ. ಚೀನೀ ಹೊಸ ವರ್ಷದ ಹಿಂದಿನ ವಾರ. ನಾನು ಮಾತಿಗೆ, ಅವತ್ತು ನೀವು ನನ್ನನ್ನು ತೆಗೆದುಕೊಂಡದ್ದು ದೊಡ್ಡ ಮನಸ್ಸು ಅಂದೆ. ಅವನು ಚಾಪ್‌ಸ್ಟಿಕ್ ಕೆಳಗಿಟ್ಟ.

"ಯೂ ಡೋಂಟ್ ನೋ ಮೆಹ್?" ಅಂದ, ನಿನಗೆ ಗೊತ್ತೇ ಇಲ್ಲವಾ ಎಂಬ ಹಾಗೆ.

ಆಮೇಲೆ ಹೇಳಿದ. ಅವನಿಗೆ ನಾನು ಬೇಕಾಗಿರಲಿಲ್ಲ. ವಿಮಾನದೊಳಗೆ ಕಬ್ಬಿಣ ಬಿಟ್ಟವನನ್ನು ಯಾರು ಬಯಸುತ್ತಾರೆ? ಅವನಿಗೆ ಬೇಕಾಗಿದ್ದದ್ದು ಇನ್‌ಸ್ಪೆಕ್ಟರ್. ಮೂರು ವರ್ಷದಿಂದ ಕರೆಯುತ್ತಿದ್ದ, ಅವರು ಬರುತ್ತಿರಲಿಲ್ಲ. ದೊಡ್ಡ ಹ್ಯಾಂಗರು, ಅವರ ಕೈಕೆಳಗೆ ಒಂಬತ್ತು ಜನ, ಮುಂದಿನ ವರ್ಷ ಮುಖ್ಯ ಇನ್‌ಸ್ಪೆಕ್ಟರ್ ಆಗುವವರು. ಅದನ್ನು ಬಿಟ್ಟು ಕಪಾಟಿನ ಬಾಗಿಲು ನೋಡಲು ಯಾಕೆ ಬರುತ್ತಾರೆ? ಆ ದಿನ ಗಾಜಿನ ಕ್ಯಾಬಿನ್ನಿನಿಂದ ಬಂದ ಎರಡನೇ ಫೋನಿನಲ್ಲಿ ಅವರು ಹೇಳಿದರಂತೆ, ಇವನನ್ನು ಈಗ ತಗೋ, ನನ್ನ ಕಾಂಟ್ರಾಕ್ಟು ಆರು ತಿಂಗಳಿಗೆ ಮುಗಿಯುತ್ತದೆ, ಆಮೇಲೆ ನಾನು ಬರುತ್ತೇನೆ. ಕಾಗದ ಪತ್ರ ಏನೂ ಇಲ್ಲ. ಬಾಯಿ ಮಾತು.

ಏನ್ ಅಂಕಲ್, ನಿಮ್ಮನ್ನೂ ಮಾರಿದ್ರಾ ಎಂದು ಕೇಳಿದ ನನ್ನ ದನಿ ನನಗೇ ಕೇಳಿಸಿತು.

ಅವತ್ತೇ ಸಂಜೆ ಅಂಕಲ್ ಇದ್ದ ಆಸ್ಪತ್ರೆಗೆ ಹೋದೆ. ಅವರ ಹೆಂಡತಿ, ನಮ್ಮ ಆಂಟಿ, ಕಿಟಕಿಯ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದರು. ಅಂಕಲ್ ಹಾಸಿಗೆಯಲ್ಲಿ ಇನ್ನಷ್ಟು ಸಣ್ಣಗಾಗಿದ್ದರು. ಟೋಪಿ ಮಾತ್ರ ತಲೆಯ ಮೇಲಿತ್ತು. ಕ್ಷಮೆ ಕೇಳಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆಯಲು ಬಿಡಲಿಲ್ಲ.

"ಆ ಎ‍ಡಗೈ ಪಿಚರ್‌ನ ಕೊಟ್ರಂತಲ್ಲ. ಬದಲಿಗೆ ಯಾರ್ ಬಂದ್ರು?"

"ಇಬ್ಬರು ಹುಡುಗರು ಅಂಕಲ್. ಜೊತೆಗೆ ಹೆಸರು ಆಮೇಲೆ ಹೇಳೋನು ಒಬ್ಬ."

"ಹ್ಞೂ."

"ಅಂಕಲ್, ನೀವು ಹೇಳಿದ್ರಿ, ಅವ್ನು ಬಹಳ ಸಲ ಲೆಕ್ಕಕ್ಕಿಲ್ದೋನು ಅಂತ."

ಅವರು ನನ್ನ ಮುಖ ನೋಡಿದರು. ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಯಿತು. ಆಂಟಿಯ ಕಡೆ ತಿರುಗಿ, "ಇವನಿಗೊಂದು ತೊಳೆ ಕೊಡೇ, ಬಾಯಿ ಒಣಗಿದೆ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ ಟ್ರೇಡಿಗೆ ಎಷ್ಟು ವರ್ಷ ಆಯ್ತು?"

"ಏಳು."

"ಹಾಗಾದ್ರೆ ಈಗ ಅಳೀಬಹುದು. ಏನೇನಿದೆ ನಿನ್ ಹತ್ರ, ಹೇಳು ನೋಡೋಣ. ಕತೆ ಬೇಡ. ಟೂಲ್ ಕೌಂಟ್ ಥರ ಹೇಳ್ಬೇಕು."

ಮಾತಿನಲ್ಲಿ ಎಂದೂ ಹಿಂದೆ ಬೀಳದವನು ನಾನು. ಅವತ್ತು ಒಂದು ಸಾಮಾನಿನ ಹೆಸರೂ ಬಾಯಿಗೆ ಬರಲಿಲ್ಲ. "ಭಾನುವಾರ ಬಂದು ಒಪ್ಪಿಸ್ತೀನಿ ಅಂಕಲ್," ಅಂದೆ.

"ಆಯ್ತು. ಒಂದೂ ಬಿಡಬಾರ್ದು."

ಶನಿವಾರ ಮಧ್ಯಾಹ್ನ ಹೋಗಿಬಿಟ್ಟರು. ಆಟವಿಲ್ಲದ ತಿಂಗಳು. ಅದೊಂದು ತಿಂಗಳು ಎಲ್ಲ ಟೀಮೂ ಒಂದೇ, ಯಾರೂ ಇನ್ನೂ ಸೋತಿರುವುದಿಲ್ಲ ಎಂದು ಅವರೇ ಹೇಳುತ್ತಿದ್ದರು... ಹದಿಮೂರನೆಯ ದಿನ ಆಂಟಿ ಈ ಬಿಸ್ಕತ್ತಿನ ಡಬ್ಬಿ ನನ್ನ ಕೈಗೆ ಕೊಟ್ಟರು. ಮನೆಗೆ ತಂದು ಹಿಂದಿನ ಮೂಲೆಗೆ ಸರಿಸಿಟ್ಟೆ. ಅಂದಿನಿಂದ ಮುಚ್ಚಳ ತೆಗೆದಿರಲಿಲ್ಲ.

ಈಗ ಆ ಟೀಮಿಗೆ ಹೊಸ ಮಾಲೀಕ ಬಂದಿದ್ದಾನೆ. ಈ ಚಳಿಗಾಲವೂ ಒಂದು ಟ್ರೇಡು ಆಗಿದೆ. ಒಬ್ಬ ಒಳ್ಳೆಯ ಕ್ಯಾಚರನನ್ನು ಕೊಟ್ಟು ನಾಲ್ವರು ಪ್ರಾಸ್ಪೆಕ್ಟುಗಳನ್ನು ತಂದಿದ್ದಾರೆ. ಇಂಟರ್ನೆಟ್ಟಿನಲ್ಲಿ ಎಲ್ಲರೂ ಮಾಲೀಕನನ್ನು ಬೈಯುತ್ತಿದ್ದಾರೆ, ಇವನೂ ಮಾರುವ ಜಾತಿಯವನೇ ಎಂದು. ನಾನು ಬೈಯುವುದಿಲ್ಲ. ನಾಲ್ವರಲ್ಲಿ ಇಬ್ಬರ ಆಟವನ್ನು ಕೆಳಗಿನ ಲೀಗಿನಲ್ಲಿ ನೋಡಿದ್ದೇನೆ. ಒಬ್ಬ ಸೋತ ಮಾರನೆಯ ದಿನ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬರುತ್ತಾನೆ. ಅವನು ಉಳಿದರೆ ಸಾಕು. ಮಾಲೀಕನನ್ನು ಅಳೆಯಬೇಕಾದ್ದು ಯಾರನ್ನು ಕೊಟ್ಟ ಎಂಬುದರಿಂದ ಅಲ್ಲ, ಕೊಡುವಾಗ ತಾನೇನು ಬಿಟ್ಟುಕೊಟ್ಟ ಎಂಬುದರಿಂದ. ಇದು ನನ್ನ ಅಭಿಪ್ರಾಯ, ಇದರಲ್ಲಿ ನಾನು ಗಟ್ಟಿ. ಐದು ವರ್ಷ ಬಿಟ್ಟು ನೋಡಿ.

ಮಗಳು ಚೆಂಡನ್ನು ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿ ಹೊಲಿಗೆ ಎಣಿಸಲು ಕೂತಳು. ನೂರಮೂರು ಅಂದಳು. ಮೊದಲಿನಿಂದ ಎಣಿಸು ಅಂದೆ.

ಅಂಕಲ್, ಭಾನುವಾರ ತಡವಾಗಿ ಬಂತು. ಕೌಂಟು ಒಪ್ಪಿಸುತ್ತಿದ್ದೇನೆ.

ಹಿತ್ತಾಳೆ ಟೋಕನ್ನು ಹತ್ತು, ಹತ್ತೂ ಜೇಬಿನಲ್ಲಿ. ಡಾಲಿ ಒಂದು, ಬೋರ್ಡಿನ ಮೇಲೆ, ಅದರ ನೆರಳಿನ ಜಾಗದಲ್ಲಿ. ಮುದ್ರೆ ಒಂದು. ಕೈಕೆಳಗೆ ಕೆಲಸ ಕಲಿಯುವವರು ನಾಲ್ವರು. ಮನೆ ಒಂದು, ನಾಲ್ಕನೇ ಮಹಡಿ. ಹೆಂಡತಿ. ಮಗಳು ಒಬ್ಬಳು, ಒಂಬತ್ತನೇ ವರ್ಷ, ಓದು ನಿಲ್ಲಿಸುವ ಯೋಚನೆ ಇಲ್ಲ. ಇನ್ನೂ ಗೆಲ್ಲದ ಟೀಮು ಒಂದು. ಚೆಂಡು ಒಂದು, ಹೊಲಿಗೆ ನೂರೆಂಟು.

ಕಮ್ಮಿ ಇರುವುದು ಒಂದು. ಬೆಂಚಿನ ಆ ತುದಿಯಲ್ಲಿ ಕೂರುವವರು.